ಹಿಂದಿನ ಎಡಚಕ್ರದ ಕೆಂಪು ಪುಡಿ

2022ರಲ್ಲಿ ನಾನು ಲಾಸ್ ಏಂಜಲಿಸ್‌ನ ಎಲ್ ಸೆಗುಂಡೋದಲ್ಲಿದ್ದ ಒಂದು ಸಣ್ಣ ವಾಹನ ಕಂಪನಿಯಲ್ಲಿ ವ್ಯಾಲಿಡೇಶನ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವ್ಯಾಲಿಡೇಶನ್ ಎಂದರೆ, ವಿನ್ಯಾಸ ಮಾಡಿದವರು ಗಟ್ಟಿಯಿದೆ ಎಂದು ಹೇಳಿದ್ದನ್ನು ಬಾಯಿಮಾತಿನಲ್ಲಿ ನಂಬದೆ ಓಡಿಸಿ, ಕುಲುಕಿಸಿ, ಬಿಚ್ಚಿ ನೋಡುವ ಕೆಲಸ. ಅದಕ್ಕೆ ಮೊದಲು ಅದೇ ಊರಿನಲ್ಲಿ ಬಹಳ ವರ್ಷ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸಿದ್ದೆ. ಸೆರಿಟೋಸ್‌ನ ಮನೆಯಿಂದ ಹೊರಟು ಫ್ರೀವೇ ಹತ್ತಿದ ಮೇಲೂ ಒಲೆ ಆರಿಸಿದೆನೋ ಇಲ್ಲವೋ ಎಂದು ಮನೆಗೆ ಫೋನ್ ಮಾಡಿ ಕೇಳುವ ಜಾತಿ ನನ್ನದು. ಈ ಗುಣಕ್ಕೆ ಸಂಬಳ ಕೊಡುವವರೂ ಇದ್ದಾರಲ್ಲ ಎಂದು ನನ್ನ ಗಂಡ ಈಗಲೂ ಆಶ್ಚರ್ಯಪಡುತ್ತಾರೆ.

ನಾವು ಮಾಡುತ್ತಿದ್ದ ಗಾಡಿಗೆ ಒಬ್ಬ ಅಜ್ಜ ಇದ್ದ, ಅವನೂ ಗಾಡಿಯೇ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತು ಸುಣ್ಣವಾದಾಗ, ಅಲ್ಲಿ ವಿಮಾನದ ಎಂಜಿನ್ ಮಾಡುತ್ತಿದ್ದ ಒಬ್ಬ ಎಂಜಿನಿಯರ್‌ಗೆ ಆ ಕೆಲಸವೇ ಇಲ್ಲದಂತಾಯಿತು. ಹಸಿದ ದೇಶಕ್ಕೆ ವಿಮಾನಕ್ಕಿಂತ ಬೇಸಾಯ ಮುಖ್ಯ ಎಂದುಕೊಂಡು ಆತ ರೈತರಿಗೊಂದು ವಾಹನ ಯೋಚಿಸಿದ. ಅದು ಟ್ರ್ಯಾಕ್ಟರಿನಂತೆ ಉಳಬೇಕು, ಲಾರಿಯಂತೆ ಹೊರಬೇಕು, ಬೆಳೆ ಮಾರಲು ಹೋಗುವಾಗ ರಸ್ತೆಯ ಮೇಲೆ ಮರ್ಯಾದೆಯಾಗಿ ಓಡಬೇಕು. 1946ರಲ್ಲಿ ಮೊದಲ ಮಾದರಿ ಹೊರಬಂತು. ನಾಲ್ಕೂ ಚಕ್ರ ಒಂದೇ ಅಳತೆ, ನಾಲ್ಕಕ್ಕೂ ಎಂಜಿನ್ನಿನ ಬಲ, ಮುಂದೆಯೂ ಹಿಂದೆಯೂ ಉಪಕರಣ ಜೋಡಿಸುವ ವ್ಯವಸ್ಥೆ. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವಿನ ಅಂತರ ಆಲೂಗಡ್ಡೆಯ ಎರಡು ಸಾಲಿನಷ್ಟು. ಇಪ್ಪತ್ತೈದು ಅಶ್ವಶಕ್ತಿಯ ಆ ಪುಟ್ಟ ಗಾಡಿಯ ಸಂತಾನ ಮುಂದೆ ಕಾಡಿಗೆ, ಹಿಮಕ್ಕೆ, ಸೈನ್ಯಕ್ಕೆ, ಅಗ್ನಿಶಾಮಕ ದಳಕ್ಕೆ, ಎಲ್ಲ ಕಡೆಗೂ ಹೋಯಿತು.

ನಮ್ಮ ಚೀಫ್ ಎಂಜಿನಿಯರ್ ಶ್ರೀಹರಿ ಬೆಂಗಳೂರಿನವರು. ಈ ಅಜ್ಜನ ಕಥೆ ಹೇಳಲು ಶುರುಮಾಡಿದರೆ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಅದೇ ಗಾಡಿಯನ್ನು ಕ್ಯಾಲಿಫೋರ್ನಿಯಾಕ್ಕೆ ಬೇಕಾದಂತೆ, ಬ್ಯಾಟರಿಯ ಮೇಲೆ ಓಡುವಂತೆ ಮರಳಿ ಕಟ್ಟಬೇಕು ಎನ್ನುವುದು ಅವರ ಹಟ. ಸ್ಯಾನ್ ಡಿಯಾಗೋ ಕೌಂಟಿಯ ಉತ್ತರಭಾಗದಲ್ಲಿ ಆವಕಾಡೋ ಎನ್ನುವ ಬೆಣ್ಣೆಹಣ್ಣಿನ ತೋಟಗಳು ಕಡಿದಾದ ಗುಡ್ಡಗಳ ಮೈಮೇಲೆ ಇವೆ. ಕೊಯ್ದ ಹಣ್ಣು ಇಳಿಸಲು, ಸವರಿದ ಕೊಂಬೆಗಳನ್ನು ಪುಡಿಮಾಡುವ ಯಂತ್ರ ನಡೆಸಲು, ಕಾಡ್ಗಿಚ್ಚಿನ ಕಾಲದಲ್ಲಿ ನೀರಿನ ಟ್ಯಾಂಕ್ ಹೊರಲು ಅಲ್ಲಿ ಒಂದೇ ಗಾಡಿ ಸಾಕಾಗಬೇಕು. ಯಾವ ಕೆಲಸಕ್ಕೂ ಇಲ್ಲ ಅನ್ನದ ಆ ಗಾಡಿಗೆ ವರ್ಕ್‌ಶಾಪಿನಲ್ಲಿ ನಾವಿಟ್ಟ ಹೆಸರು ಬಂಟ. ಅಮೆರಿಕನ್ ಸಹೋದ್ಯೋಗಿಗಳೂ ‘ಬಂಟಾ’ ಎಂದೇ ಕರೆಯುತ್ತಿದ್ದರು.

ಬಂಟನಲ್ಲಿ ನನಗೆ ಹೆಚ್ಚು ಭಯವಿದ್ದದ್ದು ಪೋರ್ಟಲ್ ಆ್ಯಕ್ಸಲ್ ಮೇಲೆ. ಸಾಮಾನ್ಯ ಗಾಡಿಯಲ್ಲಿ ಆ್ಯಕ್ಸಲ್ ಚಕ್ರದ ನಟ್ಟನಡುವೆ ಸೇರುತ್ತದೆ. ಪೋರ್ಟಲ್ ಆ್ಯಕ್ಸಲ್‌ನಲ್ಲಿ ಅದು ನಡುವಿಗಿಂತ ಮೇಲಿರುತ್ತದೆ. ಪ್ರತಿ ಚಕ್ರದ ಒಳಬದಿಯಲ್ಲಿ ಒಂದು ಗೇರ್ ಪೆಟ್ಟಿಗೆ ಇದ್ದು, ಬಲವನ್ನು ಕೆಳಗಿಳಿಸಿ ಚಕ್ರಕ್ಕೆ ಕೊಡುತ್ತದೆ. ಇದರಿಂದ ಗಾಡಿಯ ಹೊಟ್ಟೆ ನೆಲದಿಂದ ಎತ್ತರದಲ್ಲಿ ಉಳಿದು ಕಲ್ಲು ಕೊರಕಲು ದಾಟಬಹುದು. ಇದೂ ಅಜ್ಜನಿಂದ ಬಂದ ಆಸ್ತಿಯೇ. ಆದರೆ ಚಕ್ರದ ಪೂರ್ತಿ ಭಾರ ಆ ಪೆಟ್ಟಿಗೆಯನ್ನು ಆ್ಯಕ್ಸಲ್‌ಗೆ ಹಿಡಿದಿಟ್ಟ ಬೋಲ್ಟುಗಳ ಮೇಲೆ ನಿಂತಿರುತ್ತದೆ. ಅವು ಸಡಿಲವಾದರೆ ಇಳಿಜಾರಿನಲ್ಲಿ ಚಕ್ರ ಪೆಟ್ಟಿಗೆಯ ಸಮೇತ ಕಳಚಿಕೊಳ್ಳುತ್ತದೆ.

ಹಾಗಾಗಿ ಬೋಲ್ಟ್ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತೇವೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಪ್ರತಿ ಓಟದ ನಂತರ ಗಾಡಿಯ ಕೆಳಗೆ ಮಲಗಿ, ಟಾರ್ಚ್ ಬಿಟ್ಟು ಗೆರೆಗಳನ್ನು ನೋಡಿ ಫೋಟೋ ತೆಗೆಯುವುದು ನನ್ನ ಕೆಲಸ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನಿಜ ಹೇಳುವ ಸಾಧನವನ್ನು ನಾನು ಬೇರೆ ಕಂಡಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಬಂಟನ ಕಟ್ಟಕಡೆಯ ಓಟ ಮರುಭೂಮಿಯ ಬಾಡಿಗೆ ಟ್ರ್ಯಾಕಿನಲ್ಲಿ ಮುಗಿಯಿತು. ನೀರಿನ ಟ್ಯಾಂಕ್ ಪೂರ್ತಿ ತುಂಬಿ ಏರಿಳಿತಗಳ ಮೇಲೆ ಓಡಿಸಿದ ಓಟ ಅದೊಂದೇ. ಮುಂದಿನ ಗುರುವಾರ ಸ್ಯಾನ್ ಡಿಯಾಗೋದ ಗುಡ್ಡದ ತೋಟವೊಂದರಲ್ಲಿ ಬೆಳೆಗಾರರ ಎದುರು ಪ್ರದರ್ಶನವಿತ್ತು. ನಮ್ಮ ಟೆಸ್ಟ್ ಡ್ರೈವರ್ ಗ್ಲೋರಿಯಾ ತುಂಬಿದ ಟ್ಯಾಂಕಿನೊಂದಿಗೆ ಅಲ್ಲಿಯ ಅತಿ ಕಡಿದಾದ ದಾರಿ ಇಳಿಯಬೇಕಿತ್ತು. ಆಕೆ ಅದೇ ಗುಡ್ಡಗಳ ನಡುವೆ ಹುಟ್ಟಿ, ಅಲ್ಲಿಯ ತೋಟಗಳಲ್ಲೇ ಟ್ರ್ಯಾಕ್ಟರ್ ಓಡಿಸಿ ಬಂದವರು. ಶುಕ್ರವಾರ ಗಾಡಿ ಎಲ್ ಸೆಗುಂಡೋಗೆ ಮರಳಿದಾಗ ನಾನು ಆ ದಾರಿಯನ್ನು ಅಳೆಯಲು ಗ್ಲೋರಿಯಾ ಜೊತೆ ಸ್ಯಾನ್ ಡಿಯಾಗೋದಲ್ಲಿದ್ದೆ. ಗೆರೆಗಳನ್ನು ಸೋಮವಾರ ನೋಡುವುದೆಂದು ನಿಶ್ಚಯವಾಗಿತ್ತು.

ನಡುವೆ ದಸರೆಯ ಶನಿವಾರ ಬಂತು. ಆಯುಧಪೂಜೆಯನ್ನು ವರ್ಕ್‌ಶಾಪಿನಲ್ಲೇ ಮಾಡೋಣ ಎಂದು ಶ್ರೀಹರಿ ನಾಲ್ಕಾರು ಕನ್ನಡ ಕುಟುಂಬಗಳನ್ನು ಕರೆದಿದ್ದರು. ಗಾಡಿ ಸಿದ್ಧಮಾಡುವ ಹೊಣೆ ವರ್ಕ್‌ಶಾಪ್ ಮುಖ್ಯಸ್ಥ ಇಮ್ತಿಯಾಜ್ ಅವರದು. ಇಮ್ತಿಯಾಜ್ ಮೈಸೂರಿನವರು, ಅವರ ತಂದೆಯದು ಅಲ್ಲಿ ಗ್ಯಾರೇಜ್. ಆ ಮನೆಯಲ್ಲಿ ಎರಡು ಈದ್ ಬಿಟ್ಟರೆ ಅತಿ ಹೆಚ್ಚು ಗಡಿಬಿಡಿಯ ಹಬ್ಬ ಆಯುಧಪೂಜೆಯಂತೆ. ಪೂಜೆ ಗಿರಾಕಿಗಳದು, ಗಾಡಿ ಥಳಥಳ ಅನ್ನಿಸುವುದು ಗ್ಯಾರೇಜಿನ ಮಾನದ ಪ್ರಶ್ನೆ. ಬರೀ ತೊಳೆದರೆ ಸಾಲದು, ಹಬ್ಬಕ್ಕೆ ಮೊದಲು ಒಂದೊಂದು ನಟ್ಟು ಬೋಲ್ಟನ್ನೂ ಇನ್ನೊಮ್ಮೆ ಬಿಗಿ ಮಾಡಿ ಕೊಡುವುದು ಅವರ ತಂದೆ ಹಾಕಿಕೊಟ್ಟ ಪದ್ಧತಿ. ಕೆಲಸ ಮುಗೀತಾ ಎಂದು ಇಮ್ತಿಯಾಜ್ ಶುಕ್ರವಾರ ಕೇಳಿದ್ದಾರೆ. ಗಾಡಿ ತಂದವರು ಓಟದ ಬಗ್ಗೆ ಯೋಚಿಸುತ್ತ ಮುಗೀತು ಎಂದಿದ್ದಾರೆ. ತಪಾಸಣೆಯೂ ಮುಗಿಯಿತು ಎಂದುಕೊಂಡು ಇವರು ತೋಳೇರಿಸಿದ್ದಾರೆ.

ಸೋಮವಾರ ಬೆಳಿಗ್ಗೆ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿದೆ. ಒಂದು ಗೆರೆಯೂ ಇರಲಿಲ್ಲ. ಗ್ರೀಸ್ ತೆಗೆಯುವ ದ್ರಾವಣ ಹಾಕಿ ಬ್ರಷ್‌ನಿಂದ ಉಜ್ಜಿದ್ದ ಲೋಹ ಮದುವೆಮನೆಯ ಪಾತ್ರೆಯಂತೆ ಹೊಳೆಯುತ್ತಿತ್ತು. ಹಳದಿ ಗೆರೆ ಇರಬೇಕಾದ ಕಡೆ ಅರಿಶಿನ ಕುಂಕುಮದ ಬೊಟ್ಟು, ಚಕ್ರಗಳ ಸುತ್ತ ಆರತಿಯ ಕೆಂಪು ನೀರು ಒಣಗಿದ ಕಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ.

ಬೋಲ್ಟುಗಳನ್ನಾದರೂ ಪರೀಕ್ಷಿಸೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಎಲ್ಲವನ್ನೂ ಇಮ್ತಿಯಾಜ್ ಶನಿವಾರ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿದ್ದರು. ಟಾರ್ಕ್ ರೆಂಚ್ ಎಂದರೆ ಇಷ್ಟೇ ಬಲಕ್ಕೆ ಬಿಗಿ ಮಾಡಿ ‘ಟಕ್’ ಎನ್ನುವ ಸಾಧನ. ಬೋಲ್ಟ್ ಮೊದಲೇ ಬಿಗಿಯಿದ್ದರೆ ಅದು ಹಾಕಿದ ತಕ್ಷಣ ಟಕ್ ಎನ್ನುತ್ತದೆ. ಸಡಿಲವಿದ್ದರೆ ಸ್ವಲ್ಪ ತಿರುಗಿ ಆಮೇಲೆ ಎನ್ನುತ್ತದೆ. ಈಗ ಎಲ್ಲವೂ ಒಂದೇ ಸಮ ಬಿಗಿ. ಶುಕ್ರವಾರ ಹೇಗಿದ್ದವು ಎನ್ನುವುದನ್ನು ಲೋಹವಂತೂ ಹೇಳುವ ಹಾಗಿರಲಿಲ್ಲ. ಹೇಳಬಹುದಾಗಿದ್ದದ್ದು ರೆಂಚ್ ಹಿಡಿದಿದ್ದ ಕೈ ಮಾತ್ರ.

ಇಮ್ತಿಯಾಜ್‌ಗೆ ವಿಷಯ ತಿಳಿದಾಗ ಮುಖ ಕಪ್ಪಿಟ್ಟಿತು. ಅವರ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ, ಕೆಲಸ ಹೋದರೆ ಹೆಂಡತಿ ಮಕ್ಕಳೊಂದಿಗೆ ದೇಶ ಬಿಡಬೇಕಾಗಬಹುದಿತ್ತು. ಅದು ನನಗೂ ಗೊತ್ತಿತ್ತು. ನಾನು ಕೇಳಬೇಕಾದದ್ದನ್ನೇ ಕೇಳಿದೆ.

“ಟೈಟ್ ಮಾಡುವಾಗ ಯಾವುದಾದ್ರೂ ಬೋಲ್ಟ್ ತಿರುಗ್ತಾ, ಇಮ್ತಿಯಾಜ್?”

ಅವರು ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು.

“ತಿರುಗಲಿಲ್ಲ ಅಂದ್ಬಿಟ್ರೆ ಎಲ್ರಿಗೂ ಈಸಿ ಆಗತ್ತೆ ಮೇಡಂ. ಆದ್ರೆ ನಂಗೆ ಗೊತ್ತಿಲ್ಲ. ಸುತ್ತ ಜನ ಇದ್ರು, ಮಾತಾಡ್ಕೊಂಡೇ ಮಾಡ್ದೆ, ಗಮನ ಇರ್ಲಿಲ್ಲ. ಗೊತ್ತಿಲ್ಲ ಅಂತ್ಲೇ ಬರ್ಕೊಳ್ಳಿ.”

ಶ್ರೀಹರಿಯವರ ವಾದ ಬೇರೆಯಿತ್ತು. ಹಿಂದಿನ ಎಲ್ಲ ಓಟಗಳಲ್ಲೂ ಗೆರೆಗಳು ಸರಿಯಾಗಿಯೇ ಇದ್ದವು. ಗುರುವಾರ ಬರುವ ಬೆಳೆಗಾರರನ್ನು ಒಟ್ಟುಗೂಡಿಸಲು ಅವರು ತಿಂಗಳುಗಟ್ಟಲೆ ಓಡಾಡಿದ್ದರು. ಇಳಿಜಾರು ಇಳಿಯದ ಗಾಡಿಯನ್ನು ಇಳಿಜಾರಿನ ರೈತರಿಗೆ ತೋರಿಸಿ ಏನು ಪ್ರಯೋಜನ?

“ಈಗ ಎಲ್ಲಾ ಟೈಟ್ ಇದೆ ಅಲ್ವಾ, ವಸುಧಾ? ಇನ್ನೇನ್ ಪ್ರೂಫ್ ಬೇಕು ನಿಮ್ಗೆ?”

ಒಮ್ಮೆ ಸಡಿಲವಾದ ಬೋಲ್ಟನ್ನು ಬಿಗಿ ಮಾಡಿದರೆ ಅದು ಸಡಿಲವಾದ ಕಾರಣ ಹೋಗುವುದಿಲ್ಲ, ಗುಡ್ಡದ ಮೇಲೆ ಮತ್ತೆ ಸಡಿಲವಾಗುತ್ತದೆ, ಮೇಲೆ ಕೂತಿರುವವರು ಗ್ಲೋರಿಯಾ ಎಂದೆ. ಶ್ರೀಹರಿ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಇದು ಎಂಜಿನಿಯರಿಂಗ್ ಅನುಮಾನವೋ, ಒಲೆ ಆರಿಸಿದೆನೋ ಇಲ್ಲವೋ ಎನ್ನುವ ಅದೇ ರೋಗವೋ? ಬಿಸಿತುಪ್ಪದಂತೆ ಉಗುಳಲೂ ಆಗದೆ ನುಂಗಲೂ ಆಗದೆ ಅರ್ಧ ದಿನ ಕಳೆಯಿತು.

ಉಳಿದಿದ್ದ ದಾರಿ ಒಂದೇ, ಪೆಟ್ಟಿಗೆಯನ್ನು ಬಿಚ್ಚಿ ನೋಡುವುದು. ಬಿಗಿಯಾಗಿ ಕೂಡಬೇಕಾದ ಎರಡು ಉಕ್ಕಿನ ಮುಖಗಳು ಕಣ್ಣಿಗೆ ಕಾಣದಷ್ಟು ಸರಿದಾಡಿದರೂ ಒಂದನ್ನೊಂದು ತೇಯ್ದು ಕೆಂಪು ಕಂದು ಬಣ್ಣದ ನುಣ್ಣನೆ ಪುಡಿ ಬಿಡುತ್ತವೆ. ನಮ್ಮ ಭಾಷೆಯಲ್ಲಿ ಅದಕ್ಕೆ ಫ್ರೆಟಿಂಗ್ ಎನ್ನುತ್ತಾರೆ. ಒಂದು ಚಕ್ರ ಬಿಚ್ಚಿ ಮತ್ತೆ ಕೂಡಿಸಲು ಪೂರ್ತಿ ದಿನ ಬೇಕು, ಗಾಡಿಯನ್ನು ಸ್ಯಾನ್ ಡಿಯಾಗೋಗೆ ಒಯ್ಯುವ ಲಾರಿ ಹೊರಡುವ ಮೊದಲು ನಮಗೆ ಸಿಗುವುದು ಒಂದೇ ಚಕ್ರ. ಟ್ಯಾಂಕ್ ಹಿಂದಕ್ಕಿತ್ತು. ಟ್ರ್ಯಾಕಿನ ತಿರುವುಗಳು ಹೆಚ್ಚಾಗಿ ಬಲಕ್ಕಿದ್ದುದರಿಂದ ಭಾರ ಎಡಕ್ಕೆ ವಾಲುತ್ತಿತ್ತು. ಹಾಗಾಗಿ ಹಿಂದಿನ ಎಡಚಕ್ರ ಎಂದೆ. ಮಂಗಳವಾರ ಇಮ್ತಿಯಾಜ್ ಅದನ್ನು ಬಿಚ್ಚಿದರು. ಇಡೀ ದಿನ ಅವರು ಯಾರೊಂದಿಗೂ ಮಾತಾಡಲಿಲ್ಲ.

ಪೆಟ್ಟಿಗೆ ಹೊರಬಂದಾಗ ನಾವು ಮೂವರೂ ಬಗ್ಗಿ ನೋಡಿದೆವು. ಕೆಂಪು ಪುಡಿ ಇತ್ತು.

“ಕುಂಕುಮ,” ಎಂದರು ಶ್ರೀಹರಿ. “ನಮ್ಮತ್ತೆ ಪ್ರತಿ ಚಕ್ರಕ್ಕೂ ಇಟ್ಟಿದ್ದಾರೆ. ಮೇಲೆ ಆರತಿ ನೀರು ಬೇರೆ.”

ಅವರು ಹೇಳಿದ್ದು ತಳ್ಳಿಹಾಕುವ ಮಾತಲ್ಲ. ಕುಂಕುಮ ಜೋಡಣೆಯ ಅಂಚಿಗೇ ಹತ್ತಿತ್ತು, ಬಿಚ್ಚುವಾಗ ಎಣ್ಣೆಯೊಂದಿಗೆ ಕಲಸಿ ಒಳಗೆ ಹರಡಿರಬಹುದು. ಎಣ್ಣೆ ಕುಡಿದ ಕುಂಕುಮವೂ ಕಂದು ಬಣ್ಣಕ್ಕೆ ತಿರುಗುತ್ತದೆ. ಲ್ಯಾಬಿಗೆ ಕಳಿಸಿದರೆ ಉತ್ತರ ಬರುವುದು ಮುಂದಿನ ವಾರ. ಅಮೆರಿಕದ ಯಾವ ಟೆಸ್ಟ್ ಎಂಜಿನಿಯರ್‌ಗೂ ಬಂದಿರದ ಸಂಕಟ ಇದು ಎಂದು ಆಮೇಲೆ ನಕ್ಕಿದ್ದೇವೆ, ಆಗ ಯಾರಿಗೂ ನಗು ಬರಲಿಲ್ಲ.

ನನಗೆ ದಾರಿ ತೋರಿಸಿದ್ದು ಅಡುಗೆಮನೆ. ಶ್ರೀಹರಿಯವರ ಅತ್ತೆಗೆ ಫೋನ್ ಮಾಡಿ ಕೇಳಿದೆ. ಅಂಗಡಿಯ ಬಣ್ಣದ ಪುಡಿಯಲ್ಲ, ಅರಿಶಿನದಿಂದಲೇ ಮಾಡಿದ ಕುಂಕುಮ, ಊರಿನಿಂದ ತಂದದ್ದು ಎಂದರು. ಆರತಿಯ ನೀರಂತೂ ಅರಿಶಿನಕ್ಕೆ ಸುಣ್ಣ ಕಲಸಿದ್ದೇ. ಸುಣ್ಣದಂಥ ಕ್ಷಾರ ಸೇರಿ ಕೆಂಪಾದ ಅರಿಶಿನ ಹುಳಿ ತಾಗಿದರೆ ಮತ್ತೆ ಹಳದಿಯಾಗುತ್ತದೆ. ಸೀರೆಯ ಮೇಲೆ ಅರಿಶಿನದ ಕಲೆ ಮಾಡಿಕೊಂಡು ಸೋಪು ಹಾಕಿ ಗಾಬರಿಯಾದವರಿಗೆಲ್ಲ ಇದು ಗೊತ್ತು. ಕಬ್ಬಿಣದ ಪುಡಿಗೆ ಅಂಥ ಬಣ್ಣದ ಬದಲಾವಣೆ ಇಲ್ಲ. ಈ ಊರಿನಲ್ಲಿ ಹಿತ್ತಲಲ್ಲಿ ನಿಂಬೆಗಿಡ ಇಲ್ಲದ ಮನೆ ಕಡಿಮೆ, ಮಿಕ್ಕಿದ ಹಣ್ಣನ್ನು ಆಫೀಸಿನ ಪ್ಯಾಂಟ್ರಿಯಲ್ಲಿ ಚೀಲಗಟ್ಟಲೆ ಇಟ್ಟು ಹೋಗುವುದು ಎಲ್ಲರ ಅಭ್ಯಾಸ. ಎರಡು ಹಣ್ಣು ತಂದು ಕೊಯ್ದೆ. ದ್ರಾವಣದಿಂದ ಎಣ್ಣೆ ತೆಗೆದು, ಬಿಳಿ ಟಿಶ್ಯೂ ಮೇಲೆ ಅಂಚಿನ ಪುಡಿಯನ್ನೂ ಬೋಲ್ಟ್ ರಂಧ್ರಗಳ ಸುತ್ತಲಿನ ಪುಡಿಯನ್ನೂ ಬೇರೆಬೇರೆಯಾಗಿ ಒರೆಸಿಕೊಂಡೆ.

ಅಂಚಿನದಕ್ಕೆ ರಸ ಹಿಂಡಿದ ಕೂಡಲೇ ಅದು ಚೆಂದವಾಗಿ ಹಳದಿಯಾಯಿತು. ಶ್ರೀಹರಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ರಂಧ್ರದ ಸುತ್ತಲಿನದಕ್ಕೆ ಹಿಂಡಿದೆ. ಹಾಗೇ ಇತ್ತು. ಇನ್ನೊಮ್ಮೆ ಹಿಂಡಿದೆ, ಕಾದೆವು. ಕಂದು ಬಣ್ಣ ಕಂದಾಗಿಯೇ ಉಳಿಯಿತು. ಆ ಕ್ಷಣದಲ್ಲಿ ಅದು ಹಳದಿಯಾಗಲಿ ಎಂದು ನಾನೂ ದೇವರನ್ನು ಬೇಡಿಕೊಳ್ಳುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಶ್ರೀಹರಿ ಒಂದು ಸ್ಟೂಲ್ ಎಳೆದುಕೊಂಡು ಕೂತರು. ಇಳಿಜಾರು ಬೇಡ, ಸಮತಟ್ಟಿನಲ್ಲಿ ತೋರಿಸಿ ಬರೋಣ ಎಂದರು. ಗ್ಲೋರಿಯಾಗೆ ನೀವೇ ಹೇಳಿ ಎಂದೂ ಸೇರಿಸಿದರು.

ಗುರುವಾರದ ದಿನ ನೆನಪಾದರೆ ಇವತ್ತಿಗೂ ಮುಜುಗರವಾಗುತ್ತದೆ. ಬೆಳೆಗಾರರು ಗುಡ್ಡದ ಬುಡದಲ್ಲಿ ನಿಂತು ಮೇಲಿನ ದಾರಿಯನ್ನೂ ಸಮತಟ್ಟಿನಲ್ಲಿ ಮೆಲ್ಲಗೆ ಸುತ್ತುವ ನಮ್ಮ ಗಾಡಿಯನ್ನೂ ನೋಡುತ್ತಿದ್ದರು. ನಾನು ಹಿಂದಿನ ಎಡಚಕ್ರದಿಂದ ಕಣ್ಣು ಕೀಳಲಿಲ್ಲ, ಸಮನೆಲದ ಮೇಲೂ ನನಗೆ ಧೈರ್ಯವಿರಲಿಲ್ಲ. ಒಬ್ಬ ಹಿರಿಯ ರೈತರು, ಇಷ್ಟಕ್ಕೆ ನಮ್ಮ ಹಳೆಯ ಪಿಕಪ್ ಸಾಕಲ್ಲ ಎಂದು ಸಭ್ಯವಾಗಿಯೇ ಕೇಳಿ ಹೊರಟುಹೋದರು. ಗ್ಲೋರಿಯಾಗೆ ಕಾರಣವನ್ನು ಬೆಳಿಗ್ಗೆ ಗಡಿಬಿಡಿಯಲ್ಲಿ ಹೇಳಿದ್ದೆ, ಆಕೆಗೆ ಸಮಾಧಾನವಾಗಿರಲಿಲ್ಲ. ತನ್ನ ಊರಿನವರ ಎದುರು, ತಾನು ಹುಡುಗಿಯಾಗಿದ್ದಾಗಿನಿಂದ ಇಳಿದ ದಾರಿಯಲ್ಲಿ ತನ್ನನ್ನು ನಂಬಲಿಲ್ಲ ಎಂದು ಆಕೆ ತಿಳಿದರು. ಸಂಜೆ ಕೀಲಿಯನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲಿಟ್ಟು ಹೋದರು.

ನಂತರದ ವಾರಗಳಲ್ಲಿ ಮರುಭೂಮಿಯ ಓಟವನ್ನು ಹೊಸ ಗೆರೆಗಳೊಂದಿಗೆ ಮತ್ತೆ ಮಾಡಿದೆವು. ಈ ಸಲ ಪ್ರತಿ ಸುತ್ತಿಗೂ ನಿಲ್ಲಿಸಿ ನೋಡುತ್ತಿದ್ದೆವು. ಮೊದಲ ದಿನ ಏನೂ ಆಗಲಿಲ್ಲ, ಕಂಪನಿಯಲ್ಲಿ ಕೆಲವರು ನನ್ನ ಮುಖ ನೋಡುವ ರೀತಿ ಬದಲಾಯಿತು. ಓಟ ಮುಗಿಯಲು ಬಂದಾಗ ಹಿಂದಿನ ಎಡಚಕ್ರದ ಎರಡು ಗೆರೆಗಳು ಮುರಿದವು.

ಕಾರಣ ಹುಡುಕಿದಾಗ ಸಿಕ್ಕಿದ್ದು ಅಜ್ಜನ ಹತ್ತಿರವೇ. ಚಕ್ರಗಳ ಅಂತರವನ್ನು ನಾವು ಆಲೂಗಡ್ಡೆಯ ಸಾಲಿನಿಂದ ಬಿಡಿಸಿ ಆವಕಾಡೋ ತೋಟಕ್ಕೆ ಹೊಂದಿಸಿದ್ದೆವು, ಎಂಜಿನ್ ತೆಗೆದು ಮೋಟಾರ್ ಇಟ್ಟಿದ್ದೆವು. ಪೋರ್ಟಲ್ ಪೆಟ್ಟಿಗೆಯ ಜೋಡಣೆಯನ್ನು ಮಾತ್ರ, ಇಷ್ಟು ವರ್ಷ ನಡೆದುಬಂದದ್ದಲ್ಲವೇ ಎಂದು ಹೆಚ್ಚುಕಮ್ಮಿ ಹಾಗೆಯೇ ಉಳಿಸಿಕೊಂಡಿದ್ದೆವು. ಬ್ಯಾಟರಿ ಗಾಡಿ ಇಳಿಜಾರಿನಲ್ಲಿ ಮೋಟಾರಿನಿಂದಲೇ ಬ್ರೇಕ್ ಹಾಕಿ ಬ್ಯಾಟರಿ ತುಂಬಿಕೊಳ್ಳುತ್ತದೆ. ಏರುವಾಗ ಒಂದು ದಿಕ್ಕಿಗೆ, ಇಳಿಯುವಾಗ ಅಷ್ಟೇ ಬಲವಾಗಿ ಇನ್ನೊಂದು ದಿಕ್ಕಿಗೆ ತಿರುಚುವ ಆ ಬಲ ಜೋಡಣೆಯನ್ನು ಹಿಂದೆ ಮುಂದೆ ಅಲುಗಿಸುತ್ತಿತ್ತು. ಇಪ್ಪತ್ತೈದು ಅಶ್ವಶಕ್ತಿಯ ಅಜ್ಜನಿಗೆ ಇಂಥ ಪೆಟ್ಟು ಬಿದ್ದೇ ಇರಲಿಲ್ಲ. ಜೋಡಣೆಗೆ ಡೋವೆಲ್ ಪಿನ್ ಹಾಕಿದೆವು. ಅಂದರೆ ಎರಡೂ ಮುಖಗಳಿಗೆ ಬಿಗಿಯಾಗಿ ಕೂಡುವ ಉಕ್ಕಿನ ಗೂಟಗಳು. ಅಡ್ಡಬಲವನ್ನು ಅವು ತಡೆಯುತ್ತವೆ, ಬೋಲ್ಟುಗಳಿಗೆ ಹಿಡಿದಿಡುವ ಕೆಲಸ ಮಾತ್ರ ಉಳಿಯುತ್ತದೆ.

ಮುಂದಿನ ವರ್ಷ ಅದೇ ಗುಡ್ಡದಲ್ಲಿ ಗ್ಲೋರಿಯಾ ತುಂಬಿದ ಟ್ಯಾಂಕಿನೊಂದಿಗೆ ಇಳಿದರು. ಅದಕ್ಕೆ ಮೊದಲು ನಾನು ಮುರಿದ ಗೆರೆಗಳ ಫೋಟೋವನ್ನೂ, ಪಕ್ಕದಲ್ಲಿ ಆ ದಾರಿಯ ಅಂಚಿನ ಕಮರಿಯನ್ನೂ ತೋರಿಸಿದ್ದೆ. ಆಕೆ ತುಂಬ ಹೊತ್ತು ನೋಡಿ, ಪೂಜೆಯ ದಿನ ಬಿಗಿ ಮಾಡಿದವರು ಯಾರು, ವಿಚಾರಿಸಿದಾಗ ಏನಂದರು ಎಂದು ಮಾತ್ರ ಕೇಳಿದರು. ಹೇಳಿದೆ. ಕೆಳಗೆ ತಲುಪಿದ ಮೇಲೆ ಗಾಡಿ ನಿಲ್ಲಿಸಿ, ನನ್ನನ್ನು ದಾಟಿ ನೇರವಾಗಿ ಇಮ್ತಿಯಾಜ್ ಹತ್ತಿರ ಹೋಗಿ ಕೈಕುಲುಕಿದರು. ಬೆಳೆಗಾರರಲ್ಲಿ ಅರ್ಧದಷ್ಟು ಜನ ಆ ದಿನ ಬರಲೇ ಇಲ್ಲ. ಕಂಪನಿ ಚೇತರಿಸಿಕೊಂಡದ್ದು ನಿಧಾನವಾಗಿ, ಪೂರ್ತಿಯಾಗಿಯೂ ಅಲ್ಲ.

ಈಗ ನಾನು ನಿವೃತ್ತಳು. ಹಳೆಯ ಕಚೇರಿಯ ಯುವ ಎಂಜಿನಿಯರುಗಳು ಒಮ್ಮೊಮ್ಮೆ ಬಂದು ಒಳ್ಳೆಯ ಪರೀಕ್ಷೆ ಎಂದರೇನು ಎಂದು ಕೇಳುತ್ತಾರೆ. ಸಾಧನಗಳ ಬಗ್ಗೆ ಹೇಳುವುದಕ್ಕಿಂತ ಮೊದಲು, ತಪ್ಪಾಯಿತೇನೋ ಎಂದು ಹೆದರಿದ ಮನುಷ್ಯ ನಿಮ್ಮ ಎದುರು ಗೊತ್ತಿಲ್ಲ ಎಂದು ಹೇಳಬಲ್ಲನೇ ನೋಡಿಕೊಳ್ಳಿ ಎನ್ನುತ್ತೇನೆ. ಹೇಳಲಾರ ಎಂದಾದರೆ ನಿಮ್ಮ ಉಳಿದ ಪರೀಕ್ಷೆಗಳಿಗೆ ಬೆಲೆಯಿಲ್ಲ. ಇದನ್ನು ನಾನು ಆ ಸೋಮವಾರ ಕಲಿತೆ. ಮೂವತ್ತು ವರ್ಷ ಅನುಮಾನಪಟ್ಟೇ ಬದುಕಿದವಳು ನಾನು. ಆದರೂ ಅಂದು ಇಮ್ತಿಯಾಜ್ ‘ತಿರುಗಲಿಲ್ಲ ಮೇಡಂ’ ಎಂದು ಒಂದು ಮಾತು ಹೇಳಿದ್ದರೆ, ಅಬ್ಬ ಎಂದು ನಿಟ್ಟುಸಿರು ಬಿಟ್ಟು ನಂಬುತ್ತಿದ್ದೆ, ಸಹಿ ಹಾಕುತ್ತಿದ್ದೆ, ಗುರುವಾರ ಗುಡ್ಡದ ಬುಡದಲ್ಲಿ ನಿಂತು ಗ್ಲೋರಿಯಾಗೆ ಇಳಿಯಿರಿ ಎಂದು ಕೈ ಬೀಸುತ್ತಿದ್ದೆ.